ಕೆಲಸ ಸಿಕ್ಕಿದ ದಿನ ಓಟ ಯಾಕೆ ನಿಲ್ಬೇಕು? (ನಮ್ಮೂರ ಮಾತು, ಭಾಗ 4)

ಬೆಳಗ್ಗೆ ಐದಕ್ಕೆ ಮಾಲೂರು ರಸ್ತೆ ನೋಡಿ. ಇಲ್ಲಾ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋಗಿ. ಟೊಮೇಟೊ ಗಾಡಿಗಳ ಪಕ್ಕದಲ್ಲೇ ನಮ್ ವಯಸ್ಸಿನ ಹುಡುಗ್ರು ಓಡ್ತಿರ್ತಾರೆ. ಯಾಕೆ ಅಂತ ಕೇಳೋದೇ ಬೇಡ. ಪೊಲೀಸ್ ಕಾನ್ಸ್‌ಟೇಬಲ್ ಫಿಸಿಕಲ್: 1600 ಮೀಟರ್, ಆರೂವರೆ ನಿಮಿಷ. ಕೆಲಸ ಸಿಕ್ಕಿದ್ರೆ ಶೂ ಅಟ್ಟ ಸೇರುತ್ತೆ. ಸಿಗದಿದ್ರೂ ಅಷ್ಟೇ.

ನಂದೂ ಅದೇ ಕಥೆ. ಪಿಯುಸಿಲಿ 800 ಮೀಟರ್ ಓಡ್ತಿದ್ದೆ. "ಓಡಿದ್ರೆ ಹೊಟ್ಟೆ ತುಂಬುತ್ತಾ?" ಅಂದ್ರು ಅಪ್ಪ. ಬಿಕಾಂ ಸೇರ್ದೆ. ಅಪ್ಪನ ಮೇಲೆ ಕೋಪ ಇಲ್ಲ. ಆ ಪ್ರಶ್ನೆಗೆ ನನ್ ಹತ್ರ ಉತ್ತರ ಇರ್ಲಿಲ್ಲ.

ಉತ್ತರ ಇದ್ದೋರು ಒಬ್ರು ನಮ್ ಕೋಲಾರದಲ್ಲೇ ಹುಟ್ಟಿದ್ರು, 1940ರಲ್ಲಿ. ಕೆನೆತ್ ಪೊವೆಲ್. ಕೋಲಾರ ಅಂದ ತಕ್ಷಣ ಕೆಜಿಎಫ್ ಡೈಲಾಗ್ ಹೊಡೆಯೋ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸ್ರು ಗೊತ್ತು? ನಂಗೂ ಗೊತ್ತಾಗಿದ್ದು ಡಿಸೆಂಬರ್ 2022ರಲ್ಲಿ ಅವ್ರು ತೀರ್ಕೊಂಡ ಸುದ್ದಿ ಓದಿ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4x100 ರಿಲೇ ತಂಡದಲ್ಲಿ ಓಡಿದ್ರು. ತಂಡ ಸೆಮಿಫೈನಲ್ ತಲುಪ್ತು. 1965ರಲ್ಲಿ ಅರ್ಜುನ ಪ್ರಶಸ್ತಿ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು. ಆಗ ಅವ್ರಿಗೆ ಮೂವತ್ತು ವರ್ಷ! ಹೊಟ್ಟೆಪಾಡಿಗೆ? ಬೆಂಗಳೂರಿನ ಐಟಿಐನಲ್ಲಿ ಕೆಲಸ. (ಫಿಟ್ಟರ್ ಕೋರ್ಸ್ ಅಲ್ಲ ಮಗಾ, ಟೆಲಿಫೋನ್ ಮಾಡೋ ಸರ್ಕಾರಿ ಕಾರ್ಖಾನೆ.) ಕೆಲಸ ಅವ್ರ ಓಟವನ್ನ ನಿಲ್ಲಿಸ್ಲಿಲ್ಲ. ನಂಗೆ ಪದಕಕ್ಕಿಂತ ಇದೇ ದೊಡ್ಡದು ಅನ್ಸುತ್ತೆ.

ಪೊವೆಲ್ ಸ್ಪ್ರಿಂಟರ್, 1600ಕ್ಕೂ ಅವ್ರಿಗೂ ಏನ್ ಸಂಬಂಧ ಅಂತೀರಾ? ಸರಿ, ಬ್ರಿಟನ್ನಿನ ಕೆಲ್ಲಿ ಹೋಮ್ಸ್ ತಗೊಳ್ಳಿ. ವರ್ಷಗಟ್ಟಲೆ ಸೈನ್ಯದಲ್ಲಿ ಇದ್ಕೊಂಡೇ ಓಡಿದ್ರು. 2004ರ ಅಥೆನ್ಸ್‌ನಲ್ಲಿ 800, 1500 ಎರಡ್ರಲ್ಲೂ ಚಿನ್ನ, 34ನೇ ವಯಸ್ಸಲ್ಲಿ.

ನಾವು ಮಾತ್ರ ಓಟವನ್ನ ಕೆಲಸಕ್ಕೆ ಕಟ್ಟೋ ಅಪ್ಲಿಕೇಶನ್ ಫೀಸ್ ಮಾಡ್ಕೊಂಡಿದೀವಿ. ಒಂದ್ಸಲ ಕಟ್ಟಿದ್ರೆ ಮುಗೀತು. 1600 ಮೀಟರನ್ನ ಐದು ನಿಮಿಷದೊಳಗೆ ಮುಗಿಸಿದ ಹುಡುಗನೂ ಪಾಸ್, ಆರೂವರೆಗೆ ಉಸಿರು ಬಿಗಿಹಿಡಿದು ಬಂದವನೂ ಪಾಸ್. ಆ ಮೊದಲ್ನೇ ಹುಡುಗನ್ನ ಕರ್ದು "ನಾಳೆಯಿಂದ ಟ್ರ್ಯಾಕಿಗೆ ಬಾ, ಡ್ಯೂಟಿ ಹೊಂದಿಸಿ ಕೊಡ್ತೀವಿ" ಅನ್ನೋರು ಬೇಕು. ಇಲಾಖೆಗೆ ಅದೇನು ಕೋಟಿಗಟ್ಟಲೆ ಖರ್ಚಲ್ಲ.

ನಿಮ್ಮೂರ ರಸ್ತೇಲಿ ಅಂಥ ಹುಡುಗ ಅಥವಾ ಹುಡುಗಿ ಇದ್ರೆ, ಹೆಸ್ರು ಬೇಡ, ಊರು ಮತ್ತೆ 1600ರ ಟೈಮಿಂಗ್ ಕಾಮೆಂಟ್ ಹಾಕಿ. ಎಲ್ಲಾ ತಾಲ್ಲೂಕಿಂದು ಒಂದು ಪಟ್ಟಿ ಮಾಡೋಣ.