ಹತ್ತುವ ಮೀನಿಗೆ ದಾರಿ ಬಿಡಿ
ಜೂನ್ ಮಳೆ ಹಿಡಿದರೆ ಸಾಕು, ಪುಣೆಯ ಸ್ವಾರಗೇಟಿನಿಂದ ಭೋರ್, ಪಾನ್‌ಶೆತ್ ಕಡೆಗೆ ಹೊರಡುವ ಬಸ್ಸುಗಳ ಹಾದಿಯುದ್ದಕ್ಕೂ ಹಳ್ಳಗಳು ತುಂಬುತ್ತವೆ. ಕೆಂಪು ಹೊಸನೀರು ಬಂದದ್ದೇ ತಡ, ಮೀನುಗಳು ಸೆಳವಿಗೆ ಎದುರಾಗಿ ಮೇಲೇರುತ್ತವೆ. ನಮ್ಮ ಮಲೆನಾಡಿನವರ ಹತ್ತುಮೀನೇ ಇಲ್ಲಿಯ ಮರಾಠಿಗರ ಚಢಣೀಚೆ ಮಾಸೆ. ಗದ್ದೆ ಬದುವಿನ ಕಂಡಿಗೆ ಕೂಳಿ ಒಡ್ಡಿದರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ. ಕೈಗೆತ್ತಿಕೊಂಡ ಮೀನಿನ ಹೊಟ್ಟೆ ಬಿಗಿದಿರುತ್ತದೆ, ಬೆರಳು ಒತ್ತಿದರೆ ಮೊಟ್ಟೆ ಜಿನುಗುತ್ತದೆ. ತಪ್ಪಿಸಿಕೊಳ್ಳಲಾಗದ ಹೊತ್ತಿನಲ್ಲೇ ಹಿಡಿಯುತ್ತೇವಲ್ಲ, ನನಗೆ ಸಂಕಟವಾಗುವುದು ಅಲ್ಲೇ. ಒಂದು ಕಿಲೋ ತೂಗುವ ಹೆಣ್ಣು ರೋಹುವಿನ ಒಡಲಲ್ಲಿ ಸುಮಾರು 2 ಲಕ್ಷ ಮೊಟ್ಟೆಗಳಿರುತ್ತವೆ. ಒಂದು ಮೀನು ಬಾಣಲೆಗೆ ಬಿದ್ದರೆ ಅಷ್ಟೂ ಹೋದವು. ಕಡಲಿಗಾದರೆ ಕಾಯ್ದೆಯಿದೆ: ಕರ್ನಾಟಕ, ಮಹಾರಾಷ್ಟ್ರ ಎರಡೂ ಕರಾವಳಿಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಊರ ಹಳ್ಳದಲ್ಲಿ ಕಾಯುವವರು ಯಾರು? ಮನೆಯ ಸಾರಿಗೆಂದು ನಾಲ್ಕು ಮೀನು ಹಿಡಿಯುವ ಬಡವನನ್ನು ನಾನು ದೂರಲಾರೆ. ಮಳೆಗಾಲದಲ್ಲಿ ಅವನ ಕೈಯಲ್ಲಿ ಕಾಸಿರುವುದಿಲ್ಲ. ಆದರೆ ರಜೆಯ ದಿನ ಕಾರಿನಲ್ಲಿ ಬಂದು ಹಳ್ಳದ ಅಡ್ಡಗಲಕ್ಕೂ ಬಲೆ ಕಟ್ಟುವವರದು ಹಸಿವಲ್ಲ, ಮೋಜು. ಅಂಥವರನ್ನು ತಡೆಯಲೇಬೇಕು. ಮೀನು ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ಮೊಟ್ಟೆಯಿಟ್ಟು ಕೆಳಗಿಳಿಯುವಾಗ ಧಾರಾಳವಾಗಿ ಹಿಡಿಯಿರಿ. ಮೊದಲ ದೊಡ್ಡ ಮಳೆ ಬಿದ್ದ ಎರಡು ವಾರ ಅಡ್ಡಬಲೆ ಕಟ್ಟಕೂಡದೆಂದು ಗ್ರಾಮಸಭೆಗಳೇ ಈ ಮೇ ತಿಂಗಳಲ್ಲಿ ಠರಾವು ಮಾಡಲಿ. ಅದಕ್ಕೆ ಸರ್ಕಾರದ ಹಣವೂ ಬೇಡ, ಹೊಸ ಇಲಾಖೆಯೂ ಬೇಡ.