ಚಾರಣಕ್ಕೆ ಒಂದೇ ಕೋಲು: ಯಾವ ಕೈಯಲ್ಲಿ ಹಿಡಿಯಬೇಕು?

ಕೋಲು ಹಿಡಿದು ಬೆಟ್ಟ ಹತ್ತಿದರೆ ಮಂಡಿಯ ಮೇಲಿನ ಭಾರ ಶೇ. 25ರಷ್ಟು ಇಳಿಯುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅಂಕಿ ಪೂರ್ತಿ ಸುಳ್ಳಲ್ಲ. ಆದರೆ ಅದು ಹತ್ತುವುದಕ್ಕೂ ಅಲ್ಲ, ಒಂದು ಕೋಲಿಗೂ ಅಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡೂ ಕೈಯಲ್ಲಿ ಕೋಲು ಹಿಡಿದು ಕಡಿದಾದ ಇಳಿಜಾರು ಇಳಿದವರ ಮಂಡಿಗೆ ಬೀಳುವ ಬಲ ಶೇ. 12ರಿಂದ 25ರಷ್ಟು ಕಡಿಮೆಯಾಗಿತ್ತು.

ಹಾಗಾದರೆ ಒಂದು ಕೋಲು ದಂಡವೇ? ಅಲ್ಲ. ತೋಡಾರಿನಿಂದ ಮೂಡುಬಿದಿರೆ, ವೇಣೂರು ದಾಟಿ ಬೆಳ್ತಂಗಡಿಯ ಕಡೆ ಹೋದರೆ ಸಿಗುವ ಗಡಾಯಿಕಲ್ಲನ್ನೇ ನೋಡಿ. ಸುಮಾರು 1,700 ಅಡಿ ಎತ್ತರದ ಬಂಡೆ, ಕಿರಿದಾದ ಕಲ್ಲಿನ ಮೆಟ್ಟಿಲು. ಅಲ್ಲಿ ಒಂದು ಕೈ ಬಂಡೆ ಹಿಡಿಯಲು ಖಾಲಿ ಇರಲೇಬೇಕು. ಅಂಥ ಕಡೆ ಎರಡು ಕೋಲಿಗಿಂತ ಒಂದೇ ವಾಸಿ. ಅದರ ಮುಖ್ಯ ಕೆಲಸ ಭಾರ ಹೊರುವುದಲ್ಲ, ಬೀಳದಂತೆ ತಡೆಯುವುದು.

ಹೆಚ್ಚಿನವರು ತಪ್ಪುವುದು ಕೈಯ ವಿಷಯದಲ್ಲಿ. ಬಲ ಮಂಡಿ ನೋಯುತ್ತಿದ್ದರೆ ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಾರೆ. ಅದು ಎಡಗೈಯಲ್ಲಿರಬೇಕು. ನಡೆಯುವಾಗ ಬಲಗಾಲಿನ ಜೊತೆ ಎಡಗೈ ತಾನಾಗಿಯೇ ಮುಂದೆ ಬರುತ್ತದೆ. ನೋವಿನ ಕಾಲು ಊರುವ ಹೊತ್ತಿಗೆ ಕೋಲೂ ಊರಿ, ದೇಹದ ತೂಕ ಎರಡಕ್ಕೂ ಹಂಚಿಹೋಗುತ್ತದೆ. ನೋವೇ ಇಲ್ಲದವರು ಆಗಾಗ ಕೈ ಬದಲಿಸಿದರೆ ಸಾಕು.

ಇಳಿಯುವಾಗಲೇ ನಿಜವಾದ ಪರೀಕ್ಷೆ. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು ಬಲ ಬೀಳುತ್ತದೆ. ಮೊದಲು ಕೋಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ನೋವಿನ ಕಾಲು, ಕೊನೆಗೆ ಗಟ್ಟಿ ಕಾಲು. ಹತ್ತುವಾಗ ಗಟ್ಟಿ ಕಾಲು ಮೊದಲು.

ಸಮತಟ್ಟಿನಲ್ಲಿ ಕೋಲು ಊರಿ ನಿಂತಾಗ ಮೊಣಕೈ ಹೆಚ್ಚುಕಮ್ಮಿ ಲಂಬಕೋನದಲ್ಲಿರಲಿ. ಉದ್ದ ಬದಲಿಸಬಹುದಾದ ಕೋಲಾದರೆ ಇಳಿಯುವಾಗ ಐದಾರು ಸೆಂಟಿಮೀಟರ್ ಹೆಚ್ಚಿಸಿ, ಬಿಗಿಯಾಗಿದೆಯೇ ಎಂದು ಒಮ್ಮೆ ಒತ್ತಿ ನೋಡಿ. ಕಲ್ಲಿನ ಮೇಲೆ ರಬ್ಬರ್ ತುದಿ, ಮಣ್ಣಿನಲ್ಲಿ ಲೋಹದ ತುದಿ ಹಿಡಿತ ಕೊಡುತ್ತದೆ. ಮಳೆಗಾಲದ ಪಾಚಿಯ ಮೇಲೆ ಎರಡೂ ಜಾರುತ್ತವೆ. ಕಡಿದಾದ ಜಾಗದಲ್ಲಿ ಮಣಿಕಟ್ಟಿನ ಪಟ್ಟಿ ಬಿಚ್ಚಿಕೊಳ್ಳಿ. ಬಿದ್ದರೆ ಕೈ ಸಿಕ್ಕಿಕೊಳ್ಳಬಾರದು. ಅಂಗಡಿಯ ಕೋಲೇ ಆಗಬೇಕೆಂದಿಲ್ಲ, ಮನೆಯಲ್ಲಿರುವ ಗಟ್ಟಿ ಬೆತ್ತವೂ ಆದೀತು. ದಾರಿಬದಿಯ ಒಣಕೊಂಬೆ ಮಾತ್ರ ಬೇಡ, ಭಾರ ಬಿಟ್ಟ ಹೊತ್ತಿಗೇ ಅದು ಮುರಿಯುವುದು.

ಮಂಡಿ ಊದಿಕೊಂಡಿದ್ದರೆ ಅಥವಾ ನಡೆಯುವಾಗ ಥಟ್ಟನೆ ಕುಸಿದಂತಾಗುತ್ತಿದ್ದರೆ ಬೆಟ್ಟಕ್ಕೆ ಹೊರಡುವ ಮೊದಲು ವೈದ್ಯರಿಗೆ ತೋರಿಸಿ.