ಬ್ಯಾಂಕು ಒಪ್ಪದ ಬೆಲೆ

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿಗೆ ಮುಂಗಡ ಕೊಟ್ಟು, ಸಾಲಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಬ್ಯಾಂಕಿನಿಂದ ಬರಬಾರದ ಸುದ್ದಿಯೊಂದಿದೆ: ‘ವ್ಯಾಲ್ಯುಯೇಷನ್ ಕಡಿಮೆ ಬಂದಿದೆ.’ 80 ಲಕ್ಷಕ್ಕೆ ಅಗ್ರಿಮೆಂಟ್ ಆದ ಮನೆಗೆ ಬ್ಯಾಂಕಿನ ವ್ಯಾಲ್ಯುಯರ್ 70 ಲಕ್ಷ ಬರೆದಿದ್ದಾರೆ ಎನ್ನೋಣ. 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 80ನ್ನು ಮೀರಬಾರದು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ಅಗ್ರಿಮೆಂಟ್ ಬೆಲೆ, ವ್ಯಾಲ್ಯುಯೇಷನ್ ಎರಡರಲ್ಲಿ ಕಡಿಮೆ ಇರುವ ಮೊತ್ತವನ್ನೇ ಬ್ಯಾಂಕುಗಳು ಹಿಡಿಯುವುದರಿಂದ, 64 ಲಕ್ಷ ಸಿಗಬೇಕಿದ್ದ ಕಡೆ 56 ಲಕ್ಷಕ್ಕೆ ನಿಲ್ಲುತ್ತದೆ. ಕೈಯಿಂದ ಹಾಕಬೇಕಾದ ಹಣ 16 ಲಕ್ಷದಿಂದ 24 ಲಕ್ಷಕ್ಕೆ ಏರಿತು. ಶೇ. 5ರ ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವ ನೋಂದಣಿ ಶುಲ್ಕ ಬೇರೆ. ಇವಕ್ಕೆ ಸಾಲದಲ್ಲಿ ಜಾಗವಿಲ್ಲ. ಈ ಹಂತದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ‘ಆ ಎಂಟು ಲಕ್ಷ ಎಲ್ಲಿಂದ ಹೊಂದಿಸುವುದು?’ ಎಂಬುದು. ಅದಕ್ಕೂ ಮೊದಲು, ಆ ಹತ್ತು ಲಕ್ಷ ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ಕೇಳಬೇಕು.

ಬಿಲ್ಡರ್ ಕೊಟ್ಟ ಬೆಲೆಪಟ್ಟಿಯನ್ನೂ ವ್ಯಾಲ್ಯುಯರ್ ವರದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಒಂದರಲ್ಲಿ ಸೂಪರ್ ಬಿಲ್ಟಪ್ ಚದರಡಿಯ ದರ, ಮೇಲಿನ ಮಹಡಿಗೆ ಇಷ್ಟು, ಪಾರ್ಕಿನ ಕಡೆ ಮುಖ ಇರುವುದಕ್ಕೆ ಇನ್ನಷ್ಟು, ಕ್ಲಬ್‌ಹೌಸು, ಕಾರ್ ಪಾರ್ಕಿಂಗ್, ಮಾಡ್ಯುಲರ್ ಕಿಚನ್. ಇನ್ನೊಂದರಲ್ಲಿ ಗೋಡೆಯಿಂದ ಗೋಡೆಗೆ ಅಳೆದ ಜಾಗ, ನೆಲದಲ್ಲಿ ಬರುವ ಅವಿಭಜಿತ ಪಾಲು, ಸುತ್ತಮುತ್ತ ನಡೆದ ಮಾರಾಟದ ದರ. ಬ್ಯಾಂಕಿನ ಚಿಂತೆ ಒಂದೇ: ಕಂತು ನಿಂತು ಮನೆ ಮಾರಬೇಕಾಗಿ ಬಂದರೆ ಎರಡನೆಯ ಕೊಳ್ಳುಗ ಎಷ್ಟು ಕೊಟ್ಟಾನು? ಅವನು ಪಾರ್ಕಿನ ನೋಟಕ್ಕೂ ಬಿಲ್ಡರ್ ಹೆಸರಿಗೂ ಅಷ್ಟೇ ದುಡ್ಡು ಕೊಡುತ್ತಾನೆಂಬ ಖಾತರಿ ಇಲ್ಲ. ಹೋರ್ಡಿಂಗ್ ಮೇಲಿನ ‘ಬ್ಯಾಂಕ್ ಅಪ್ರೂವ್ಡ್’ ಎಂಬ ಮಾತನ್ನು ನಂಬಿ ಬೆಲೆಗೂ ಒಪ್ಪಿಗೆ ಸಿಕ್ಕಿದೆ ಎಂದುಕೊಳ್ಳುವವರಿದ್ದಾರೆ. ಬ್ಯಾಂಕು ಅಲ್ಲಿ ಒಪ್ಪಿರುವುದು ಜಮೀನಿನ ಕಾಗದಪತ್ರವನ್ನು, ನಕ್ಷೆಯನ್ನು, ದರವನ್ನಲ್ಲ. ಇಡೀ ವ್ಯವಹಾರದಲ್ಲಿ ಮಾರಾಟ ಆದರೂ ಆಗದಿದ್ದರೂ ಲಾಭನಷ್ಟವಿಲ್ಲದೆ ಬೆಲೆ ಹೇಳುವವರು ವ್ಯಾಲ್ಯುಯರ್ ಒಬ್ಬರೇ. ಅವರ ಮಾತನ್ನು ಅಡ್ಡಿ ಎಂದು ತಳ್ಳಿಹಾಕುವುದು ಜಾಣತನವಲ್ಲ.

ವ್ಯಾಲ್ಯುಯರ್‌ಗಳು ತಮ್ಮ ತಲೆ ಉಳಿಸಿಕೊಳ್ಳಲು ಕಡಿಮೆ ಬರೆಯುತ್ತಾರೆ, ಅರ್ಧ ಗಂಟೆಯಲ್ಲಿ ನಾಲ್ಕು ಫೋಟೊ ಹೊಡೆದುಕೊಂಡು ಹೋಗುತ್ತಾರೆ ಎಂಬ ದೂರಿದೆ. ಸುಳ್ಳೇನಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಒಂದಿದೆ: ನಮ್ಮಲ್ಲಿ ಹಳೆಯ ಮನೆ, ಸೈಟುಗಳ ಕ್ರಯಪತ್ರದಲ್ಲಿ ಮಾರ್ಗಸೂಚಿ ದರದ ಆಸುಪಾಸಿನ ಮೊತ್ತ ಬರೆಸಿ ಉಳಿದದ್ದನ್ನು ನಗದಿನಲ್ಲಿ ತೆಗೆದುಕೊಳ್ಳುವ ಚಾಳಿ ಇರುವಾಗ, ನೋಂದಣಿಯಾದ ಬೆಲೆ ನಿಜವಾದ ಬೆಲೆಯೇ? ಅಲ್ಲ. ಆದರೆ ಇದು ವರದಿಯನ್ನು ಪ್ರಶ್ನಿಸಲು ಕಾರಣವಾಗಬಹುದೇ ಹೊರತು, ಧಾರಾಳವಾಗಿ ಬರೆಯುವ ಇನ್ನೊಂದು ಬ್ಯಾಂಕನ್ನು ಹುಡುಕಲು ಕಾರಣವಲ್ಲ. ಅದೇ ಅಪಾರ್ಟ್‌ಮೆಂಟಿನಲ್ಲಿ ಸಾಲ ಮಾಡಿ ಕೊಂಡವರ ಕ್ರಯಪತ್ರಗಳಲ್ಲಿ ಹೆಚ್ಚಾಗಿ ಪೂರ್ತಿ ಮೊತ್ತವೇ ಇರುತ್ತದೆ. ಅವುಗಳ ದೃಢೀಕೃತ ಪ್ರತಿ ಉಪನೋಂದಣಿ ಕಚೇರಿಯಿಂದ ಸಿಗುತ್ತದೆ. ಅಂಥ ಎರಡು ಮೂರು ಪತ್ರ, ಸ್ವಾಧೀನಾನುಭವ ಪತ್ರದ (ಓಸಿ) ಪ್ರತಿ, ಅಳತೆ ತಪ್ಪಿದ್ದರೆ ಮಂಜೂರಾದ ನಕ್ಷೆ ಹಿಡಿದು ಮರುಪರಿಶೀಲನೆ ಕೇಳಬೇಕು. ಆ ಪತ್ರಗಳಲ್ಲೂ 70ರ ಸುತ್ತಲಿನ ಬೆಲೆಯೇ ಕಂಡರೆ ತಪ್ಪು ವ್ಯಾಲ್ಯುಯರ್‌ದಲ್ಲ.

‘ಇವತ್ತು ಹತ್ತು ಲಕ್ಷ ಹೆಚ್ಚಾದರೇನು, ಮೂರು ವರ್ಷದಲ್ಲಿ ಬೆಲೆ ಏರುತ್ತದೆ’ ಎಂಬ ವಾದಕ್ಕೆ ನಗರದ ಇತಿಹಾಸದ ಬೆಂಬಲವಿದೆ. ಏರುವವರೆಗೆ ಕಂತು ಕಟ್ಟುವುದು ಹೇಗೆಂದು ಮಾತ್ರ ಅದು ಹೇಳುವುದಿಲ್ಲ. 56 ಲಕ್ಷಕ್ಕೆ ಶೇ. 8.5ರಂತೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 48,600 ರೂಪಾಯಿ. ಕೊರತೆಯ ಎಂಟು ಲಕ್ಷವನ್ನು ಶೇ. 12ರ ವೈಯಕ್ತಿಕ ಸಾಲದಿಂದ ಐದು ವರ್ಷಕ್ಕೆ ತುಂಬಿದರೆ ಅದರ ಮೇಲೆ ಇನ್ನೂ 17,800. ಗೃಹಸಾಲಕ್ಕೆ ಮೂರು ವರ್ಷ ಕಟ್ಟಿದ ಮೇಲೂ ಅಸಲಿನಲ್ಲಿ ಕರಗಿರುವುದು 3.65 ಲಕ್ಷದಷ್ಟು ಮಾತ್ರ. ಅಷ್ಟರಲ್ಲಿ ಕೆಲಸ ಹೋಗಿ ಮನೆ ಮಾರಬೇಕಾದವರ ಪಾಲಿಗೆ ‘ಬೆಲೆ ಏರುತ್ತದೆ’ ಎಂಬುದು ತಡವಾಗಿ ಬರುವ ಬಸ್ಸು.

ಮುಂಗಡ ಆಗಲೇ ಕೊಟ್ಟಾಯಿತಲ್ಲ ಎಂಬುದು ಕೊನೆಯ ಕೊಕ್ಕೆ. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಮಾರಾಟದ ಕರಾರು ನೋಂದಣಿಯಾಗದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ವ್ಯಾಲ್ಯುಯೇಷನ್ ಕಡಿಮೆಯಾದರೆ ಮುಂಗಡ ವಾಪಸು ಎಂಬ ಷರತ್ತನ್ನು ಬರೆಸಬೇಕಾದದ್ದು ಆ ಕರಾರಿಗೆ ಸಹಿ ಬೀಳುವ ಮುಂಚೆ; ಆಮೇಲೆ ಕೇಳಿದರೆ ಅದು ಬರಿಯ ವಿನಂತಿ. ಸಹಿ ಆಗಿಹೋಗಿದ್ದರೂ ವರದಿ ಹಿಡಿದು ಬಿಲ್ಡರ್ ಜೊತೆ ಕೂರಬಹುದು. ಅವರು ದರ ಇಳಿಸಲು ಸುಲಭಕ್ಕೆ ಒಪ್ಪರು, ಏಕೆಂದರೆ ಮುಂದಿನ ಗಿರಾಕಿಯೂ ಅದನ್ನೇ ಕೇಳುತ್ತಾನೆ. ಬದಲಿಗೆ ವಾರ್ಡ್‌ರೋಬು, ಏಸಿ, ಒಂದು ವರ್ಷದ ನಿರ್ವಹಣೆ ಶುಲ್ಕ ಬಿಡುತ್ತೇವೆ ಎನ್ನುತ್ತಾರೆ. ಇವು ಬಂದರೆ ಸಂತೋಷವೇ, ಆದರೆ ಬ್ಯಾಂಕಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಕರಾರಿನಲ್ಲೇ ಬೆಲೆ 76 ಲಕ್ಷವಾದರೆ ಕೈಯಿಂದ ಹಾಕುವುದು 24ರಿಂದ 20 ಲಕ್ಷಕ್ಕೆ ಇಳಿಯುತ್ತದೆ. ಮಾರ್ಗಸೂಚಿ ದರಕ್ಕಿಂತ ಕೆಳಗೆ ಹೋಗದಿದ್ದರೆ ಮುದ್ರಾಂಕ ಶುಲ್ಕವೂ ಅಷ್ಟು ಕಡಿಮೆ.